ಹಳೆಯ ಗಣಕಕ್ಕೆ ಹೊಸ ಪ್ರೊಸೆಸರು

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಅದರ ಅರ್ಥವು ನನಗೆ ಚೆನ್ನಾಗಿ ಮನದಟ್ಟಾದುದು ಕಳೆದ ಬೇಸಿಗೆಯ ರಜೆಯಲ್ಲಿ, ದೇವದುರ್ಗದಲ್ಲಿರುವ ನನ್ನ ಅಣ್ಣನ ಅಂಗಡಿಯ ಹಳೆಯ ಗಣಕಯಂತ್ರವನ್ನು ಬಿಚ್ಚಿಕೊಂಡು ಕುಳಿತಾಗ. ನಾನು ಕಲಾ ವಿಭಾಗದ ವಿದ್ಯಾರ್ಥಿ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ನನ್ನ ಅಭ್ಯಾಸದ ವಿಷಯಗಳು. ಯಂತ್ರದ ಮಾತನ್ನಾಡಲು ಇವನಿಗೇನು ಅಧಿಕಾರವೆಂದು ವಾಚಕರು ಕೇಳಬಹುದು. ಅಧಿಕಾರವೇನೂ ಇಲ್ಲ, ಅನುಭವವಿದೆ, ಅದೂ ತಪ್ಪು ಮಾಡಿ ಸಂಪಾದಿಸಿದ್ದು. ಇಂಥ ಹಳೆಯ ಯಂತ್ರಗಳು ನಮ್ಮ ಅನೇಕ ಮಿತ್ರರ ಮನೆಗಳಲ್ಲಿಯೂ ಇರುವುದರಿಂದ, ನಾನು ಎಡವಿದ ಕಲ್ಲನ್ನು ಇತರರು ನೋಡಿ ನಡೆಯಲಿ ಎಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಅಣ್ಣನದು ದೊಡ್ಡ ಅಂಗಡಿಯಲ್ಲ. ಒಂದು ಝೆರಾಕ್ಸ್ ಯಂತ್ರ, ಒಂದು ಪ್ರಿಂಟರು, 2008ರಲ್ಲಿ ಕೊಂಡ ಒಂದು ಗಣಕ, ಇಷ್ಟೇ ಬಂಡವಾಳ. ಅರ್ಜಿಗಳನ್ನು ತುಂಬುವುದು, ಕನ್ನಡದಲ್ಲಿ ಬೆರಳಚ್ಚು ಮಾಡಿಕೊಡುವುದು ಅವನ ಕೆಲಸ. ಮನೆಯ ಐದು ಜನರ ಊಟವೂ ನನ್ನ ಕಾಲೇಜಿನ ಶುಲ್ಕವೂ ಆ ಒಂದು ಯಂತ್ರದಿಂದಲೇ ಬರತಕ್ಕದ್ದು. ಪಿ.ಯು. ಪರೀಕ್ಷೆಯ ಫಲಿತಾಂಶ ಬಂದ ಕೂಡಲೇ ಹಳ್ಳಿಗಳಿಂದ ಹುಡುಗ ಹುಡುಗಿಯರು ಕಾಲೇಜು ಪ್ರವೇಶದ ಅರ್ಜಿ ತುಂಬಿಸಲು ಬಂದು ನಿಲ್ಲುತ್ತಾರೆ. ಕಳೆದ ವರ್ಷ ಆ ಯಂತ್ರವು ಒಂದು ಪುಟವನ್ನು ತೆರೆಯಲು ತೆಗೆದುಕೊಳ್ಳುತ್ತಿದ್ದ ಸಮಯದಲ್ಲಿ ಒಂದು ಲೋಟ ಚಹ ಕುಡಿದು ಮುಗಿಸಬಹುದಾಗಿತ್ತು. ಹೊಸ ಯಂತ್ರಕ್ಕೆ ಹಣವಿರಲಿಲ್ಲ. “ಪ್ರೊಸೆಸರು ಒಂದನ್ನು ಬದಲಿಸಿದರೆ ಸಾಕು, ನಾನೇ ಮಾಡುತ್ತೇನೆ” ಎಂದು ನಾನು ಧೈರ್ಯವಾಗಿ ಹೇಳಿದೆ. ಅಣ್ಣ ನಂಬಿದ.

ರೋಗವೆಲ್ಲಿದೆ ಎಂಬ ವಿಚಾರ

ಔಷಧಕ್ಕಿಂತ ಮೊದಲು ರೋಗವನ್ನು ತಿಳಿಯಬೇಕು. ಗಣಕವು ನಿಧಾನವಾಗಲು ಮುಖ್ಯವಾಗಿ ಮೂರು ಕಾರಣಗಳಿರುತ್ತವೆ: ಸ್ಮೃತಿ, ಅಂದರೆ ರ‍್ಯಾಮ್ ಸಾಲದಿರುವುದು, ತಿರುಗುವ ಹಾರ್ಡ್ ಡಿಸ್ಕು ಹಳತಾಗಿರುವುದು, ಪ್ರೊಸೆಸರಿನ ಶಕ್ತಿ ಕಡಿಮೆಯಾಗಿರುವುದು. ಮೊದಲೆರಡು ಕಾರಣಗಳಿದ್ದಾಗ ಪ್ರೊಸೆಸರನ್ನು ಬದಲಿಸುವುದು, ಬಾವಿಯಲ್ಲಿ ನೀರಿಲ್ಲದಾಗ ಹಗ್ಗವನ್ನು ಬದಲಿಸಿದಂತೆ. ನಮ್ಮ ಯಂತ್ರಕ್ಕೆ ಅಣ್ಣನು ಮೊದಲೇ 4 ಗಿಗಾಬೈಟ್ ರ‍್ಯಾಮನ್ನೂ ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಯನ್ನೂ ಹಾಕಿಸಿದ್ದ. ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಿದಾಗ, ಸ್ಮೃತಿಯಲ್ಲಿ ಜಾಗ ಉಳಿದಿದ್ದರೂ ಪ್ರೊಸೆಸರಿನ ಬಳಕೆ ಮಾತ್ರ ನೂರಕ್ಕೆ ನೂರನ್ನು ಮುಟ್ಟಿ ಅಲ್ಲಿಯೇ ನಿಲ್ಲುತ್ತಿತ್ತು. ಆದ್ದರಿಂದ ನನ್ನ ನಿದಾನವು ತಪ್ಪಾಗಿರಲಿಲ್ಲ; ತಪ್ಪಾದುದು ಚಿಕಿತ್ಸೆ.

ಯಂತ್ರದಲ್ಲಿದ್ದುದು ಇಂಟೆಲ್ ಸಂಸ್ಥೆಯ ಪೆಂಟಿಯಮ್ ಡ್ಯುಯಲ್ ಕೋರ್ ಇ-2160. ಅದರ ವೇಗ 1.8 ಗಿಗಾಹರ್ಟ್ಸ್, ಒಳಗಿನ ಕ್ಯಾಶ್ ಸ್ಮೃತಿ 1 ಮೆಗಾಬೈಟ್. ನಾನು ರಾಯಚೂರು ನಗರದ ಒಂದು ಅಂಗಡಿಯಲ್ಲಿ 400 ರೂಪಾಯಿ ಕೊಟ್ಟು, ಬಳಸಿ ಬಿಟ್ಟಿದ್ದ ಕೋರ್ 2 ಡ್ಯುವೊ ಇ-7500 ಎಂಬುದನ್ನು ತಂದೆ. ಅದರ ವೇಗ 2.93 ಗಿಗಾಹರ್ಟ್ಸ್, ಕ್ಯಾಶ್ 3 ಮೆಗಾಬೈಟ್. ಎರಡರ ಗರಿಷ್ಠ ಶಾಖದ ಅಂದಾಜೂ 65 ವ್ಯಾಟ್. ಆದ್ದರಿಂದ ಹಳೆಯ ಫ್ಯಾನೂ ಹಳೆಯ ಪವರ್ ಸಪ್ಲೈಯೂ ಸಾಕೆಂದು ಲೆಕ್ಕ ಹಾಕಿದೆ. ಎರಡೂ ಒಂದೇ ಜಾತಿಯ ಸಾಕೆಟ್ಟಿಗೆ ಹೊಂದತಕ್ಕವು. ಆ ಸಾಕೆಟ್ಟಿನ ಹೆಸರು ಎಲ್‌ಜಿಎ 775. ಅಂದರೆ ಬೋರ್ಡಿನ ಮೇಲೆ, ಅಂಗೈಗಿಂತ ಚಿಕ್ಕದಾದ ಒಂದು ಚೌಕದಲ್ಲಿ, ಕೂದಲಿನಂಥ 775 ಲೋಹದ ಮುಳ್ಳುಗಳು ನಿಂತಿರುತ್ತವೆ. ಪ್ರೊಸೆಸರಿನ ಅಡಿಯಲ್ಲಿ ಮುಳ್ಳುಗಳಿಲ್ಲ, ಚಪ್ಪಟೆಯಾದ ಹೊಂಬಣ್ಣದ ಚುಕ್ಕೆಗಳು ಮಾತ್ರ. 1971ರಲ್ಲಿ ಹೊರಬಂದ ಇಂಟೆಲ್ 4004 ಎಂಬ ಮೊದಲಿನ ಮೈಕ್ರೊಪ್ರೊಸೆಸರಿನಲ್ಲಿ 2,300 ಟ್ರಾನ್ಸಿಸ್ಟರುಗಳಿದ್ದರೆ, ನಾನು ಜೇಬಿನಲ್ಲಿ ಹಾಕಿಕೊಂಡು ಬಸ್ಸು ಹತ್ತಿದ ಈ ಬಿಲ್ಲೆಯಲ್ಲಿ 22 ಕೋಟಿಗೂ ಮೇಲ್ಪಟ್ಟು ಇವೆ.

ಕತ್ತಲೆಯ ತೆರೆ

ಶುಕ್ರವಾರ ರಾತ್ರಿ ಅಂಗಡಿಯ ಬಾಗಿಲು ಹಾಕಿದ ಮೇಲೆ ಕೆಲಸಕ್ಕೆ ಕುಳಿತೆ. ಹಳೆಯದನ್ನು ತೆಗೆದು ಹೊಸದನ್ನಿಟ್ಟು ಗುಂಡಿಯನ್ನು ಒತ್ತಿದೆ. ಫ್ಯಾನು ತಿರುಗಿತು, ದೀಪ ಹತ್ತಿತು; ತೆರೆ ಮಾತ್ರ ಕಪ್ಪು. ಫ್ಯಾನು ತಿರುಗಿದರೆ ಯಂತ್ರಕ್ಕೆ ಜೀವವಿದೆ ಎಂದು ಎಲ್ಲರೂ ತಿಳಿಯುತ್ತಾರೆ. ಅದು ತಪ್ಪು. ಫ್ಯಾನಿಗೆ 12 ವೋಲ್ಟ್ ವಿದ್ಯುತ್ತು ಬಂದರೆ ಅದು ತಿರುಗುತ್ತದೆ. ಪ್ರೊಸೆಸರು ಒಂದು ಆಜ್ಞೆಯನ್ನಾದರೂ ಓದಿತೆಂಬುದಕ್ಕೆ ಅದು ಸಾಕ್ಷಿಯಲ್ಲ.

ನನ್ನ ಮನಸ್ಸಿಗೆ ಮೊದಲು ಹೊಳೆದುದು ಮಾರಿದವರ ಮೇಲಿನ ಅನುಮಾನ. ರಾತ್ರಿ ಹತ್ತು ಗಂಟೆಗೆ ರಾಯಚೂರಿಗೆ ಫೋನು ಮಾಡಿ, ಸತ್ತ ಮಾಲನ್ನು ಕೊಟ್ಟು ಮೋಸ ಮಾಡಿದಿರೆಂದು ಒರಟಾಗಿ ಮಾತನಾಡಿದೆ. ವಯಸ್ಸಾದ ಆ ವ್ಯಾಪಾರಿಗಳು ಸಿಟ್ಟಾಗಲಿಲ್ಲ. “ತಮ್ಮಾ, ನಾ ಹಾಕಿ ನೋಡೇ ಕೊಟ್ಟೀನಿ. ನೀ ಮೊದಲು ಹಳೇದು ಹಾಕಿ ನೋಡು” ಎಂದರು. ನಾನು ಉತ್ತರ ಕೊಡದೆ ಫೋನಿಟ್ಟೆ. ಆದರೂ ಮನಸ್ಸು ಕೇಳದೆ ಹಳೆಯ ಪ್ರೊಸೆಸರನ್ನೇ ಮರಳಿ ಹಾಕಿದೆ. ಆಗಲೂ ತೆರೆ ಕಪ್ಪಾಗಿಯೇ ಇತ್ತು.

ಅಂದು ಸಂಜೆಯವರೆಗೆ ನಡೆದಿದ್ದ ಯಂತ್ರ ಈಗ ಹಳೆಯ ಪ್ರೊಸೆಸರಿನಿಂದಲೂ ನಡೆಯಲೊಲ್ಲದು! ನನ್ನ ಎದೆ ಧಸಕ್ಕೆಂದಿತು. ಆದರೆ ತರ್ಕದ ದೃಷ್ಟಿಯಿಂದ ನೋಡಿದರೆ ಇದು ಬಹು ಬೆಲೆಯುಳ್ಳ ಸಂಗತಿ. ಹೊಸ ಬಿಲ್ಲೆಯೊಂದೇ ಕೆಟ್ಟಿದ್ದರೆ ಹಳೆಯದು ನಡೆಯಬೇಕಾಗಿತ್ತು. ಹಳೆಯದೂ ನಡೆಯಲಿಲ್ಲವೆಂದ ಮೇಲೆ, ಸಂಜೆಗೂ ರಾತ್ರಿಗೂ ನಡುವೆ ಬೋರ್ಡಿನಲ್ಲಿಯೇ ಏನೋ ಬದಲಾಗಿರಬೇಕು. ಆ ಅವಧಿಯಲ್ಲಿ ಅದನ್ನು ಮುಟ್ಟಿದವನು ನಾನೊಬ್ಬನೇ. ಈ ಮಾತನ್ನು ಆ ರಾತ್ರಿ ಒಪ್ಪಿಕೊಳ್ಳುವಷ್ಟು ಧೈರ್ಯ ನನಗಿರಲಿಲ್ಲ. ಬೆಳಿಗ್ಗೆ ಅಣ್ಣ ಬಂದು ನೋಡಿ ಏನೂ ಅನ್ನಲಿಲ್ಲ. ಬಂದ ಹುಡುಗರ ಹೆಸರುಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು, ಕೊನೆಯ ದಿನಾಂಕ ಹತ್ತಿರವಿದ್ದವರನ್ನು ಬೇರೆ ಅಂಗಡಿಗೆ ಕಳಿಸಿದ. ಅವನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮಾನವಿಯ ಪಾಠ

ಮಾನವಿಯಲ್ಲಿ ನನ್ನ ಸೋದರಮಾವನು ಬಹುಕಾಲ ರೇಡಿಯೊ, ಟಿ.ವಿ. ರಿಪೇರಿ ಮಾಡಿದವನು. ಕ್ಯಾಬಿನೆಟ್ಟನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಅವನಲ್ಲಿಗೆ ಹೋದೆ. ಪ್ರೊಸೆಸರುಗಳ ವಿಷಯ ತನಗೆ ತಿಳಿಯದೆಂದು ಅವನು ಮೊದಲೇ ಹೇಳಿದ. ಆದರೆ ದೋಷವನ್ನು ಹುಡುಕುವ ಕ್ರಮ ಅವನಿಗೆ ತಿಳಿದಿತ್ತು. ಗಾಬರಿಯಲ್ಲಿ ನಾನು ರ‍್ಯಾಮನ್ನೂ ಪ್ರೊಸೆಸರನ್ನೂ ಕೂಡಿಯೇ ಬದಲಿಸಲು ಹೋದಾಗ ಅವನು ನನ್ನ ಕೈ ಹಿಡಿದ. “ಅಳಿಯಾ, ಒಮ್ಮೆಗೆ ಒಂದೇ. ಎರಡು ಬದಲಿ ಮಾಡಿದಿ ಅಂದ್ರ ಯಾವುದರಿಂದ ಏನಾತು ಅಂತ ಯಾರಿಗೆ ಕೇಳ್ತಿ?” ಎಂದ. ನಾನು ಯಾವ ಪಠ್ಯಪುಸ್ತಕದಲ್ಲಿಯೂ ಇಷ್ಟು ಚಿಕ್ಕದಾಗಿ ಹೇಳಿದ ವೈಜ್ಞಾನಿಕ ವಿಧಾನವನ್ನು ಓದಿಲ್ಲ.

ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರಗೆ ತೆಗೆದು ಒಣಗಿದ ಮರದ ಹಲಗೆಯ ಮೇಲಿಟ್ಟೆವು. ಡಿಸ್ಕು, ಪ್ರಿಂಟರು, ಕೀಲಿಮಣೆ ಎಲ್ಲವನ್ನೂ ಬಿಡಿಸಿ, ಬೋರ್ಡು, ಪವರ್ ಸಪ್ಲೈ, ಹಳೆಯ ಪ್ರೊಸೆಸರು, ಅದರ ಫ್ಯಾನು, ಬೀಪ್ ಎನ್ನುವ ಪುಟ್ಟ ಸ್ಪೀಕರು ಇಷ್ಟನ್ನೇ ಉಳಿಸಿದೆವು. ಭಾಗಗಳು ಕಡಿಮೆಯಾದಷ್ಟೂ ಅನುಮಾನಗಳೂ ಕಡಿಮೆಯಾಗುತ್ತವೆ. ಮಾವನು ಮೀಟರಿನಿಂದ ವಿದ್ಯುತ್ತನ್ನು ಅಳೆದ. ಹಳದಿ ತಂತಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಇರಬೇಕು. ನೂರಕ್ಕೆ ಐದರಷ್ಟು ಹೆಚ್ಚು ಕಡಿಮೆಯಾದರೆ ಬಾಧಕವಿಲ್ಲ. ಎಲ್ಲವೂ ಸರಿಯಾಗಿದ್ದವು. 24 ಕಾಲಿನ ದೊಡ್ಡ ಪ್ಲಗ್ಗಿನ ಹೊರತಾಗಿ, ಪ್ರೊಸೆಸರಿಗೆಂದೇ ನಾಲ್ಕು ಕಾಲಿನ ಚಿಕ್ಕ ಪ್ಲಗ್ಗೊಂದು ಬೇರೆ ಇರುತ್ತದೆ. ಎರಡು ಹಳದಿ, ಎರಡು ಕಪ್ಪು ತಂತಿಗಳದು. ಅದನ್ನು ಚುಚ್ಚಲು ಮರೆತರೂ ಫ್ಯಾನು ತಿರುಗಿ ತೆರೆ ಕಪ್ಪಾಗಿಯೇ ಉಳಿಯುತ್ತದೆ. ನಾನು ಅದನ್ನು ಮರೆತಿರಲಿಲ್ಲ.

ಮುಂದಿನ ಪರೀಕ್ಷೆಯನ್ನು ಮಿತ್ರರು ವಿಶೇಷವಾಗಿ ಗಮನಿಸಬೇಕು. ರ‍್ಯಾಮ್ ಪಟ್ಟಿಗಳನ್ನು ಪೂರ್ತಿಯಾಗಿ ತೆಗೆದು ಗುಂಡಿ ಒತ್ತುವುದು. ಪ್ರೊಸೆಸರು ಎಚ್ಚರಗೊಂಡ ಕೂಡಲೇ ಬೋರ್ಡಿನ ಚಿಪ್ಪೊಂದರಲ್ಲಿರುವ ಬಯೋಸ್ ಎಂಬ ಮೂಲ ತಂತ್ರಾಂಶವನ್ನು ಓದುತ್ತದೆ. ಅದು ಸ್ಮೃತಿಯನ್ನು ಹುಡುಕಿ, ಕಾಣದಿದ್ದರೆ ಸ್ಪೀಕರಿನಿಂದ ಕೂಗಿ ದೂರು ಹೇಳುತ್ತದೆ. ಆ ಕೂಗು ಕೇಳಿದರೆ ಪ್ರೊಸೆಸರೂ ಬಯೋಸೂ ಜೀವಂತವೆಂದು ಅರ್ಥ. ಕೂಗೇ ಇಲ್ಲದಿದ್ದರೆ, ಪ್ರೊಸೆಸರು ಮೊದಲನೆಯ ಮೆಟ್ಟಿಲನ್ನೇ ಹತ್ತಿಲ್ಲವೆಂದು ತಿಳಿಯಬೇಕು. ಅಳುವ ಕೂಸು ಬದುಕಿದ ಕೂಸು. ನಮ್ಮ ಯಂತ್ರ ಅಳಲಿಲ್ಲ.

ಇನ್ನು ಉಳಿದುದು ಸಾಕೆಟ್ಟು. ಮಾವನು ಭೂತಗನ್ನಡಿಯನ್ನು ಕೊಟ್ಟು, ಬ್ಯಾಟರಿಯ ಬೆಳಕನ್ನು ಮೇಲಿನಿಂದಲ್ಲ, ಓರೆಯಾಗಿ ಬಿಡಲು ಹೇಳಿದ. ಬಿತ್ತಿದ ಹೊಲದ ಸಾಲುಗಳಂತೆ ಮುಳ್ಳುಗಳು ನೇರವಾಗಿ ಹೊಳೆದವು. ಒಂದು ಮೂಲೆಯ ಹತ್ತಿರ ಒಂದೇ ಒಂದು ಹೊಳಪು ಸಾಲನ್ನು ಬಿಟ್ಟು ಪಕ್ಕಕ್ಕೆ ವಾಲಿತ್ತು. ನೋಡಿದೊಡನೆ ನನಗೆ ಎಲ್ಲವೂ ನೆನಪಾಯಿತು. ಶುಕ್ರವಾರ ರಾತ್ರಿ ಹೊಸ ಬಿಲ್ಲೆಯನ್ನಿಡುವಾಗ ಅದು ಬೆರಳಿನಿಂದ ಜಾರಿ ಓರೆಯಾಗಿ ಬಿದ್ದಿತ್ತು. ನಾನು ಅದನ್ನು ಮೆಲ್ಲಗೆ ಸರಿಸಿ ಕೂಡಿಸಿ, ಏನೂ ಆಗಲಿಲ್ಲವೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ಡೊಂಕು ಮಾಡಿದವನು ಕುಣಿದವನೇ! ಪ್ರೊಸೆಸರಿನ ಎರಡು ಅಂಚುಗಳಲ್ಲಿ ಕಚ್ಚುಗಳೂ ಒಂದು ಮೂಲೆಯಲ್ಲಿ ತ್ರಿಕೋನದ ಗುರುತೂ ಇರುತ್ತವೆ. ಅವನ್ನು ಹೊಂದಿಸಿ, ಅಂಚುಗಳನ್ನು ಹಿಡಿದು, ನೇರವಾಗಿ ಇಳಿಸಿ ಬಿಡಬೇಕು. ಒತ್ತುವುದಾಗಲಿ ಸರಿಸುವುದಾಗಲಿ ಕೂಡದು.

ವಿದ್ಯುತ್ತಿನ ಸಂಬಂಧವನ್ನು ಪೂರ್ತಿ ತೆಗೆದು, ಹೊಲಿಗೆಯ ಸೂಜಿಯ ತುದಿಯಿಂದ, ಉಸಿರು ಬಿಗಿಹಿಡಿದು, ಆ ಮುಳ್ಳನ್ನು ಕೂದಲೆಳೆಯಷ್ಟಷ್ಟೇ ಎತ್ತಿ ನೆರೆಯವರ ಸಾಲಿಗೆ ತಂದೆ. ಒಮ್ಮೆ ಹೆಚ್ಚು ಬಾಗಿಸಿದರೆ ಅದು ಮುರಿದೇ ಹೋಗುತ್ತದೆ, ಮುರಿದರೆ ಬೋರ್ಡೇ ಹೋದಂತೆ. ಹಳೆಯ ಪ್ರೊಸೆಸರನ್ನಿಟ್ಟು ಗುಂಡಿ ಒತ್ತಿದಾಗ ಸ್ಪೀಕರು ಕೂಗಿತು. ಆ ಕರ್ಕಶ ಧ್ವನಿಯಷ್ಟು ಇಂಪಾದುದನ್ನು ನಾನು ಈವರೆಗೆ ಕೇಳಿಲ್ಲ. ರ‍್ಯಾಮ್ ಹಾಕಿದೆವು, ತೆರೆಯ ಮೇಲೆ ಅಕ್ಷರಗಳು ಮೂಡಿದವು.

ಒಂದೇ ಲಕ್ಷಣ, ಎರಡು ದೋಷ

ಉತ್ಸಾಹದಿಂದ ಹೊಸದನ್ನು ಹಾಕಿದೆ. ಮತ್ತೆ ಕತ್ತಲೆ, ಮತ್ತೆ ಮೌನ. ಹಳೆಯದನ್ನು ಹಾಕಿದರೆ ನಡೆಯುತ್ತದೆ, ಹೊಸದನ್ನು ಹಾಕಿದರೆ ಇಲ್ಲ. ಒಂದೇ ಲಕ್ಷಣದ ಹಿಂದೆ ಎರಡು ದೋಷಗಳು ಅಡಗಿದ್ದವೆಂಬುದು ಈಗ ಸ್ಪಷ್ಟವಾಯಿತು. ಮೊದಲನೆಯದು ತೊಲಗಿದ ಮೇಲೆಯೇ ಎರಡನೆಯದು ಕಂಡಿತು. ಈಗಲಾದರೂ ವ್ಯಾಪಾರಿಗಳನ್ನು ದೂರಬಹುದಲ್ಲ ಎಂಬ ಹಳೆಯ ಚಪಲ ಒಂದು ಕ್ಷಣ ತಲೆಯೆತ್ತಿತು. ಈ ಸಲ ಅದನ್ನು ತಡೆದು, ಕಂಡುದನ್ನು ಓದಿದೆ. ಹಳೆಯ ಪ್ರೊಸೆಸರಿನೊಡನೆ ಯಂತ್ರವನ್ನು ತೆರೆದಾಗ ಬಯೋಸಿನ ದಿನಾಂಕ 2008 ಎಂದಿತ್ತು. ಇ-7500 ಮಾರುಕಟ್ಟೆಗೆ ಬಂದುದು 2009ರ ಜನವರಿಯಲ್ಲಿ. 2008ರಲ್ಲಿ ಬರೆದ ಪಟ್ಟಿಯಲ್ಲಿ 2009ರಲ್ಲಿ ಬಂದವನ ಹೆಸರು ಹೇಗಿರಬೇಕು?

ಇದನ್ನು ನಮ್ಮ ಊರಿನ ಉದಾಹರಣೆಯಿಂದಲೇ ವಿವರಿಸಬಹುದು. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನಿಂದ ಬಂದ ಮದರಾಸು ರೈಲ್ವೆಯೂ 1871ರಲ್ಲಿ ಕೂಡಿದುದು ರಾಯಚೂರಿನಲ್ಲಿ. ಎರಡು ಕಂಪನಿಗಳ ಹಳಿಗಳ ಅಗಲವೂ ಐದೂವರೆ ಅಡಿ. ಆದ್ದರಿಂದಲೇ ಒಂದರ ಹಳಿಯ ಮೇಲೆ ಇನ್ನೊಂದರ ಬಂಡಿ ಓಡಬಲ್ಲದು. ಆದರೆ ಹಳಿಯ ಅಗಲ ಹೊಂದಿದ ಮಾತ್ರಕ್ಕೆ ಗಾಡಿ ನಿಲ್ದಾಣದೊಳಗೆ ನುಗ್ಗುವಂತಿಲ್ಲ. ಬರುವ ಗಾಡಿ ಯಾವುದೆಂದು ಸ್ಟೇಷನ್ ಮಾಸ್ತರರಿಗೆ ತಿಳಿದು, ಅವರು ಅಪ್ಪಣೆ ಕೊಟ್ಟು, ಕೈಮರ ಬಾಗಬೇಕು. ಸಾಕೆಟ್ಟು ಹಳಿಯ ಅಗಲವಿದ್ದಂತೆ. ಬಯೋಸು ಸ್ಟೇಷನ್ ಮಾಸ್ತರರಿದ್ದಂತೆ. ಬೋರ್ಡಿನ ಚಿಪ್‌ಸೆಟ್ಟು ಹೊರುವ ವೇಗವನ್ನೂ ನೋಡಬೇಕು. ಇ-2160ರ ಮೂಲ ತಾಳ 200 ಮೆಗಾಹರ್ಟ್ಸ್. ಅದರ ಒಂಬತ್ತು ಪಟ್ಟು 1,800. ಇ-7500ರದು ಸುಮಾರು 266. ಅದರ ಹನ್ನೊಂದು ಪಟ್ಟು ಸುಮಾರು 2,930. ತಾಳದ ನಾಲ್ಕು ಪಟ್ಟನ್ನು ಬಸ್ ವೇಗವೆಂದು ಬರೆಯುವುದರಿಂದ ಒಂದಕ್ಕೆ 800 ಎಂದೂ ಇನ್ನೊಂದಕ್ಕೆ 1066 ಎಂದೂ ಹೆಸರು. ನಮ್ಮ ಬೋರ್ಡಿನ ಜಿ-31 ಚಿಪ್‌ಸೆಟ್ಟು 1333ರವರೆಗೆ ತಾಳುವುದರಿಂದ ಆ ತೊಡಕು ಇರಲಿಲ್ಲ. ಕೊರತೆಯಾಗಿದ್ದುದು ಮಾಸ್ತರರ ಪಟ್ಟಿಯಲ್ಲಿ.

ಬಯೋಸನ್ನು ಹೊಸದಾಗಿ ಬರೆಯುವ ಕೆಲಸ ಹಳೆಯ ಪ್ರೊಸೆಸರು ಕುಳಿತಿರುವಾಗಲೇ ಆಗಬೇಕು. ಬೋರ್ಡಿನ ಮೇಲೆ ಅಚ್ಚಾಗಿರುವ ಮಾದರಿಯ ಹೆಸರನ್ನೂ ಆವೃತ್ತಿಯ ಸಂಖ್ಯೆಯನ್ನೂ ಎರಡೆರಡು ಸಲ ಓದಿ, ತಯಾರಕರು ಕೊಟ್ಟ ಅದೇ ಮಾದರಿಯ ಕಡತವನ್ನು ಪೆನ್‌ಡ್ರೈವಿನಲ್ಲಿ ತರಬೇಕು. ಬರೆಯುತ್ತಿರುವಾಗ ವಿದ್ಯುತ್ತು ಹೋದರೆ ಅರ್ಧ ಬರೆದ ಬಯೋಸಿನಿಂದ ಬೋರ್ಡು ಮೂಕವಾಗುತ್ತದೆ. 1985ರಿಂದ ವಿದ್ಯುತ್ತನ್ನು ಉತ್ಪಾದಿಸುತ್ತಿರುವ ಶಕ್ತಿನಗರದ ಶಾಖೋತ್ಪನ್ನ ಕೇಂದ್ರವು ನಮ್ಮ ಜಿಲ್ಲೆಯಲ್ಲಿಯೇ ಇದೆ. ಆದರೂ ಆ ಮಧ್ಯಾಹ್ನ ಮಾವನ ಓಣಿಯಲ್ಲಿ ಎರಡು ಸಲ ಕರೆಂಟು ಹೋಗಿ ಬಂತು. ನೆರೆಯವರಿಂದ ಒಂದು ಯುಪಿಎಸ್ ತಂದು, ಅದು ಅರ್ಧ ಗಂಟೆ ತಡೆಯುತ್ತದೆಂದು ಮೊದಲು ಪರೀಕ್ಷಿಸಿ, ಆಮೇಲೆ ಬರೆದೆವು. ಬಳಿಕ ಬೋರ್ಡಿನ 3 ವೋಲ್ಟಿನ ಬಿಲ್ಲೆ ಬ್ಯಾಟರಿಯನ್ನು ತೆಗೆದು, ಕೆಲವು ನಿಮಿಷ ಬಿಟ್ಟು ಮರಳಿ ಹಾಕಿ, ಹಳೆಯ ಹೊಂದಾಣಿಕೆಗಳನ್ನು ಅಳಿಸಿದೆವು. ಹೊಸ ಪ್ರೊಸೆಸರನ್ನು ಈ ಸಲ ನೇರವಾಗಿ ಇಳಿಸಿದೆ. ತೆರೆಯ ಮೇಲೆ 2.93 ಎಂಬ ಅಂಕಿ ಬಂತು. ವ್ಯಾಪಾರಿಗಳು ಕೊಟ್ಟ ಮಾಲು ಮೊದಲಿನಿಂದಲೂ ಒಳ್ಳೆಯದೇ ಆಗಿತ್ತು.

ಬೇಸಿಗೆಯ ಪರೀಕ್ಷೆ

ದೇವದುರ್ಗಕ್ಕೆ ಮರಳಿ ಅಂಗಡಿಯಲ್ಲಿ ಯಂತ್ರವನ್ನು ಹೂಡಿದೆ. ಹತ್ತು ನಿಮಿಷ ಚೆನ್ನಾಗಿ ನಡೆದು ತಟ್ಟನೆ ಆರಿಹೋಯಿತು. ಈಗ ನನಗೆ ಗಾಬರಿಯಾಗಲಿಲ್ಲ. ಹತ್ತು ನಿಮಿಷ ನಡೆದ ಯಂತ್ರಕ್ಕೆ ಸಾಕೆಟ್ಟಿನ ದೋಷವಾಗಲಿ ಬಯೋಸಿನ ದೋಷವಾಗಲಿ ಇರುವುದು ಕಡಿಮೆ. ಕಾಲ ಕಳೆದಂತೆ ಬೆಳೆಯುವ ದೋಷವೆಂದರೆ ಶಾಖ. ಬಯೋಸಿನಲ್ಲಿ ನೋಡಿದಾಗ ಸುಮ್ಮನೆ ಕುಳಿತ ಪ್ರೊಸೆಸರಿನ ಉಷ್ಣತೆಯೇ 80 ಡಿಗ್ರಿಯನ್ನು ದಾಟಿತ್ತು. ಶಾಖವು ಮಿತಿಮೀರಿದರೆ ಪ್ರೊಸೆಸರು ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಅದೂ ಸಾಲದಿದ್ದರೆ ಯಂತ್ರವನ್ನೇ ಆರಿಸುತ್ತದೆ. ಅದು ಆತ್ಮರಕ್ಷಣೆ, ರೋಗವಲ್ಲ.

ಶಾಖವನ್ನು ಹೀರುವ ಲೋಹದ ಗಟ್ಟಿಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳಿರುತ್ತವೆ. ಬಸ್ಸಿನ ಕುಲುಕಾಟದಲ್ಲಿ ಅವುಗಳಲ್ಲೊಂದು ಬಿಟ್ಟುಕೊಂಡಿತ್ತು. ಜೊತೆಗೆ ನಾನು ಒಣಗಿ ಹೆಕ್ಕಳಿಕೆಯಾದ ಹಳೆಯ ಪೇಸ್ಟಿನ ಮೇಲೆಯೇ ಅದನ್ನು ಕೂಡಿಸಿದ್ದೆ. ಎರಡೂ ಮೈಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ಜೋಳದ ಕಾಳಿಗಿಂತ ತುಸು ದೊಡ್ಡದಾಗಿ ಹೊಸ ಪೇಸ್ಟನ್ನಿಟ್ಟು, ಕಾಲುಗಳನ್ನು ಮೂಲೆಗೆ ಎದುರು ಮೂಲೆ ಎಂಬಂತೆ ಒತ್ತಿ, ನಾಲ್ಕೂ ಹಿಂದಕ್ಕೆ ಹೊರಬಂದಿವೆಯೇ ಎಂದು ಬೋರ್ಡನ್ನು ತಿರುಗಿಸಿ ನೋಡಿದೆ. ಫ್ಯಾನಿನ ಸಂದುಗಳಲ್ಲಿ ತುಂಬಿದ್ದ ಧೂಳನ್ನೂ ತೆಗೆದೆ. ಉಷ್ಣತೆ 50ರ ಸುಮಾರಿಗೆ ಇಳಿಯಿತು.

ಇಲ್ಲಿ ನಮ್ಮ ಸೀಮೆಯವರು ನೆನಪಿಡಬೇಕಾದ ಮಾತೊಂದಿದೆ. ಫ್ಯಾನು ತಂಪನ್ನು ಹುಟ್ಟಿಸುವುದಿಲ್ಲ. ಶಾಖವನ್ನು ಕೋಣೆಯ ಗಾಳಿಗೆ ದಾಟಿಸುತ್ತದೆ, ಅಷ್ಟೇ. ಕೋಣೆಯ ಗಾಳಿಗಿಂತ ಪ್ರೊಸೆಸರು ತಣ್ಣಗಾಗಲಾರದು. 25 ಡಿಗ್ರಿಯ ಕೋಣೆಯಲ್ಲಿ 50ಕ್ಕೆ ನಿಲ್ಲುವ ಯಂತ್ರ, ರಾಯಚೂರು ಜಿಲ್ಲೆಯ ಮೇ ತಿಂಗಳ 40 ಡಿಗ್ರಿಯ ಕೋಣೆಯಲ್ಲಿ 65ಕ್ಕೆ ನಿಲ್ಲುತ್ತದೆ. ಆದ್ದರಿಂದ ಕಾಲು ಸಡಿಲವಾಗಿರುವುದು, ಪೇಸ್ಟು ಒಣಗಿರುವುದು ಮುಂತಾದ ಸಣ್ಣ ಲೋಪಗಳು ತಂಪು ಊರಿನಲ್ಲಿ ಮುಚ್ಚಿಹೋದರೂ ನಮ್ಮಲ್ಲಿ ಬೇಗ ಹೊರಬೀಳುತ್ತವೆ.

ಸಾರಾಂಶ

ಈ ಅನುಭವದಿಂದ ನಾನು ಕಲಿತ ಕ್ರಮವನ್ನು ಒಂದೆಡೆ ಹೇಳುತ್ತೇನೆ. ಒಂದನೆಯದಾಗಿ, ನಿಧಾನಕ್ಕೆ ಪ್ರೊಸೆಸರೇ ಕಾರಣವೇ ಎಂದು ನೋಡಿಕೊಳ್ಳಬೇಕು. ಎರಡನೆಯದಾಗಿ, ಹೊಸ ಪ್ರೊಸೆಸರನ್ನು ಕೊಳ್ಳುವ ಮೊದಲು ಸಾಕೆಟ್ಟು, ಬಸ್ ವೇಗ, ವ್ಯಾಟ್, ಬಯೋಸಿನ ದಿನಾಂಕ ಈ ನಾಲ್ಕನ್ನೂ ಹೊಂದಿಸಿ, ಬಯೋಸನ್ನು ಮೊದಲೇ ಹೊಸದು ಮಾಡಿಟ್ಟುಕೊಳ್ಳಬೇಕು. ಮೂರನೆಯದಾಗಿ, ನಡೆಯದಿದ್ದರೆ ಮೊದಲು ನಡೆಯುತ್ತಿದ್ದ ಸ್ಥಿತಿಗೆ ಮರಳಬೇಕು. ನಾಲ್ಕನೆಯದಾಗಿ, ಭಾಗಗಳನ್ನು ಆದಷ್ಟು ಕಡಿಮೆ ಮಾಡಿ, ಒಮ್ಮೆಗೆ ಒಂದನ್ನೇ ಬದಲಿಸಬೇಕು. ಐದನೆಯದು ಎಲ್ಲಕ್ಕಿಂತ ಕಠಿಣ: ಪರರ ಮಾಲನ್ನು ಅನುಮಾನಿಸುವ ಮೊದಲು ತನ್ನ ಕೈಯನ್ನು ಅನುಮಾನಿಸಬೇಕು.

ನಾಲ್ಕನೆಯ ದಿನ ಅಣ್ಣನ ಅಂಗಡಿಯ ಬಾಗಿಲು ಪೂರ್ತಿ ತೆರೆಯಿತು. ನೋಟುಬುಕ್ಕಿನಲ್ಲಿದ್ದ ಹೆಸರುಗಳ ಮೇಲೆ ಒಂದೊಂದಾಗಿ ಗೆರೆ ಬಿದ್ದವು. ಕಾಲೇಜು ಪ್ರಾರಂಭವಾದ ಮೇಲೆ ನಾನು ರಾಯಚೂರಿನ ಆ ಅಂಗಡಿಗೆ ಹೋಗಿ, ನಡೆದುದನ್ನೆಲ್ಲ ಹೇಳಿ, ತಪ್ಪಾಯಿತೆಂದೆ. ಅವರು ಕನ್ನಡಕವನ್ನು ಮೇಲೇರಿಸಿ ನನ್ನನ್ನು ನೋಡಿ, “ಮುಳ್ಳು ಎಬ್ಬಿಸಿದ್ದು ಸೂಜೀಲೇನು?” ಎಂದು ಕೇಳಿ, ಕುಳಿತುಕೊಳ್ಳಲು ಸ್ಟೂಲನ್ನು ಮುಂದಕ್ಕೆ ತಳ್ಳಿದರು. ಈಗ ಬಿಡುವು ದೊರೆತಾಗಲೆಲ್ಲ ಆ ಸ್ಟೂಲಿನ ಮೇಲೆ ಕುಳಿತು ಅವರ ಕೆಲಸವನ್ನು ನೋಡುತ್ತಿರುತ್ತೇನೆ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ